‘ಪಟ್ಟಿ ಉದ್ದವಾಯಿತು’ ಲೇಖನ ಕಳಿಸಿದವರಿಗೆ

ನಮಸ್ಕಾರ.

ಅಮೆರಿಕದ ಕಪ್ಪು ಹೆಣ್ಣುಮಕ್ಕಳು ಸಂಗಾತಿಯಲ್ಲಿ ಏನೇನು ಬಯಸುತ್ತಾರೆ, ಅವರಲ್ಲಿ ಇಷ್ಟು ಜನ ಮದುವೆಯಿಲ್ಲದೆ ಉಳಿದದ್ದೇಕೆ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆವು. ಈಗಿರುವಂತೆ ಪ್ರಕಟಿಸಲು ಆಗುವುದಿಲ್ಲ. ವಿಷಯ ಮಾತ್ರ ಕೈಬಿಡುವಂಥದ್ದಲ್ಲ, ಆದ್ದರಿಂದ ಎಡವಿದ್ದೆಲ್ಲಿ ಎಂದು ಬಿಡಿಸಿ ಬರೆಯುತ್ತಿದ್ದೇವೆ.

ಮೊದಲ ವಾಕ್ಯವೇ ತಪ್ಪು: ‘ಅಲ್ಲಿನ ಕಪ್ಪು ಹೆಂಗಸರಲ್ಲಿ ನೂರಕ್ಕೆ 42 ಮಂದಿ ಒಂಟಿ.’ 2010ರ ಆಸುಪಾಸಿನಲ್ಲಿ ಅಲ್ಲಿನ ಟೀವಿ, ಪತ್ರಿಕೆಗಳಲ್ಲಿ ಓಡಾಡಿದ ಈ ಅಂಕಿಯ ಅರ್ಥ ‘ಒಮ್ಮೆಯೂ ಮದುವೆಯಾಗದವರು’ ಎಂದು. ಜೊತೆಗಾರನ ಸಂಗಡ ಹತ್ತು ವರ್ಷದಿಂದ ಸಂಸಾರ ಮಾಡುತ್ತಿರುವವಳೂ ಅದರಲ್ಲಿದ್ದಾಳೆ, ಆಗಷ್ಟೇ 18 ತುಂಬಿದ ಹುಡುಗಿಯೂ ಇದ್ದಾಳೆ. ವಿಚ್ಛೇದಿತೆ, ವಿಧವೆ ಇಲ್ಲ. ಕನ್ನಡದ ‘ಒಂಟಿ’ಗೆ ದಿಕ್ಕಿಲ್ಲದವಳು ಎಂಬ ಮರುಕ ಅಂಟಿಕೊಂಡಿದೆ, ಅಂಕಿಯಲ್ಲಿ ಇಲ್ಲದ ಮರುಕವನ್ನು ನೀವು ಪದದ ಮೂಲಕ ಸೇರಿಸಿದ್ದೀರಿ. ‘ಅವಿವಾಹಿತೆ’ ಎಂದಷ್ಟೇ ಬರೆಯಿರಿ, ಯಾವ ವಯಸ್ಸಿನವರ ಲೆಕ್ಕ ಎಂಬುದನ್ನೂ ಪಕ್ಕದಲ್ಲೇ ಹೇಳಿ. ‘ನೀಗ್ರೋ’ ಎಂಬ ಪದ ಮೂರು ಕಡೆ ಇದೆ, ಮೂರನ್ನೂ ತೆಗೆಯಿರಿ.

ಇನ್ನು ನಿಮ್ಮ ಮುಖ್ಯ ವಾದ: ಅಪೇಕ್ಷೆ ಹೆಚ್ಚಾಯಿತು, ಅದಕ್ಕೇ ಗಂಡು ಸಿಗಲಿಲ್ಲ. ಹುಡುಕಲು ಗಂಡಸರು ಎಷ್ಟಿದ್ದಾರೆ ಎಂದು ನೀವು ಕೇಳಿಕೊಳ್ಳಲೇ ಇಲ್ಲ. ನ್ಯೂಯಾರ್ಕ್ ಟೈಮ್ಸ್ 2015ರಲ್ಲಿ ಲೆಕ್ಕ ಹಾಕಿತ್ತು: 25ರಿಂದ 54 ವಯಸ್ಸಿನೊಳಗೆ, ಜೈಲಿನ ಹೊರಗಿರುವ 100 ಕಪ್ಪು ಹೆಂಗಸರಿಗೆ ಗಂಡಸರು 83. ಬಿಳಿಯರಲ್ಲಿ ಈ ಅಂತರ ಇಲ್ಲವೆನ್ನುವಷ್ಟು ಕಡಿಮೆ. ಉಳಿದ 17 ಮಂದಿಯಲ್ಲಿ ಹೆಚ್ಚಿನವರು ಅಕಾಲ ಮರಣಕ್ಕೆ ತುತ್ತಾದವರು ಇಲ್ಲವೇ ಜೈಲಿನಲ್ಲಿರುವವರು. ಮಿಸೌರಿಯ ಫರ್ಗುಸನ್‌ನಲ್ಲಂತೂ ನೂರಕ್ಕೆ 60. ಇದರ ಮೇಲೆ ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆಯ ಲೆಕ್ಕವನ್ನೂ ಇಡಿ: 2015ರಲ್ಲಿ ಹೊಸದಾಗಿ ಮದುವೆಯಾದ ಕಪ್ಪು ಗಂಡಸರಲ್ಲಿ ನೂರಕ್ಕೆ 24 ಮಂದಿ ಬೇರೆ ಜನಾಂಗದವರನ್ನು ಮದುವೆಯಾದರು, ಹೆಂಗಸರಲ್ಲಿ 12. ಇಂಥ ಕಡೆ ಗಂಡಿಗೆ ಆಯ್ಕೆ ಹೆಚ್ಚು, ಅವಸರ ಕಡಿಮೆ. ಹೆಣ್ಣು ಪಟ್ಟಿಯನ್ನು ಮೊಟಕು ಮಾಡಿಕೊಳ್ಳಬೇಕು, ಇಲ್ಲವೇ ಕಾಯಬೇಕು. ಕಾಯುತ್ತಿರುವವಳನ್ನು ನೀವು ‘ಹಟಮಾರಿ’ ಎಂದಿದ್ದೀರಿ.

‘ಮನೆಯ ಯಜಮಾನಿಕೆ ಹಿಡಿದ ಹೆಂಗಸರೇ ಗಂಡಸರನ್ನು ಕುಗ್ಗಿಸಿದರು’ ಎಂಬ ಸಾಲನ್ನು ಪೂರ್ತಿ ಹೊಡೆದುಹಾಕಿ. 1965ರಲ್ಲಿ ಅಮೆರಿಕದ ಕಾರ್ಮಿಕ ಇಲಾಖೆಯ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್ ಬರೆದ ವರದಿಯ ಧಾಟಿ ಇದು. ಅಂದಿನಿಂದ ಕಪ್ಪು ಹೆಂಗಸರು ಇದಕ್ಕೆ ಉತ್ತರ ಕೊಡುತ್ತಲೇ ಬಂದಿದ್ದಾರೆ. ನೀವು ಗೊತ್ತಿಲ್ಲದೆ ಬರೆದಿರಬಹುದು, ಓದುವವರಿಗೆ ಗೊತ್ತಾಗುತ್ತದೆ.

ನಾಲ್ಕನೇ ಪುಟದಲ್ಲಿ ಹುದುಗಿರುವ ಅಟ್ಲಾಂಟಾದ ನರ್ಸ್ ಈ ಬರಹದ ಜೀವ. ರಾತ್ರಿಪಾಳಿ ಮುಗಿಸಿ, ಕಾರು ಚಾಲೂ ಮಾಡದೆ ಕೂತು, ಸಂಗಾತಿ ಹುಡುಕುವ ಆ್ಯಪ್‌ನಿಂದ ತನ್ನ ಕೂದಲು ನೇರ ಮಾಡಿಸಿದ ಫೋಟೊ ಅಳಿಸಿ ಗುಂಗುರು ಕೂದಲಿನ ಫೋಟೊ ಹಾಕುತ್ತಾಳೆ. ಐದು ನಿಮಿಷ ಬಿಟ್ಟು ಮತ್ತೆ ಹಳೆಯದನ್ನೇ ಹಾಕುತ್ತಾಳೆ. ಲೇಖನ ಅಲ್ಲಿಂದಲೇ ಶುರುವಾಗಲಿ. ಅದರ ಬೆನ್ನಿಗೇ, ಸಂಗಾತಿ ಹುಡುಕುವ ಜಾಲತಾಣ ಓಕೆಕ್ಯುಪಿಡ್ ತನ್ನ ಬಳಕೆದಾರರ ಬಗ್ಗೆ 2009ರಲ್ಲಿ ಬಿಡುಗಡೆ ಮಾಡಿದ ಅಂಕಿಅಂಶ ಬರಲಿ: ಬಂದ ಸಂದೇಶಕ್ಕೆ ಎಲ್ಲರಿಗಿಂತ ಹೆಚ್ಚು ಮರುತ್ತರ ಕೊಟ್ಟವರು ಕಪ್ಪು ಹೆಂಗಸರು, ತಾವೇ ಮೊದಲು ಬರೆದಾಗ ಎಲ್ಲರಿಗಿಂತ ಕಡಿಮೆ ಉತ್ತರ ಪಡೆದವರೂ ಅವರೇ. ‘ಅತಿಯಾಗಿ ಆರಿಸುತ್ತಾರೆ’ ಎಂಬ ನಿಮ್ಮ ಮಾತು ಇದರ ಎದುರು ನಿಲ್ಲುವುದಿಲ್ಲ.

ಅಪೇಕ್ಷೆಗಳ ಬಗ್ಗೆ ಬರೆಯಲೇಬೇಡಿ ಎನ್ನುತ್ತಿಲ್ಲ. ಆರಡಿ ಎತ್ತರ, ದೊಡ್ಡ ಸಂಬಳ ಎಂದು ನೀವೇ ಊಹಿಸಿದ ಪಟ್ಟಿ ಬೇಡ. ಆ ನರ್ಸ್‌ಗೆ ಮತ್ತೆ ಫೋನ್ ಮಾಡಿ, ಯಾವುದನ್ನು ಬಿಟ್ಟುಕೊಟ್ಟಳು, ಯಾವುದನ್ನು ಏನೇ ಆದರೂ ಬಿಡುವುದಿಲ್ಲ ಎಂದು ಕೇಳಿ, ಅವಳ ಮಾತಿನಲ್ಲೇ ಬರೆಯಿರಿ. ಹೆಸರು, ಆಸ್ಪತ್ರೆಯ ಗುರುತು ಬದಲಿಸಿ. 1,200 ಪದ ಮೀರದಂತೆ ತಿದ್ದಿ ಕಳಿಸಿ, ಮತ್ತೆ ಓದುತ್ತೇವೆ.