ಯಾರ ಫೋನು ಅಂತ ಅಮ್ಮನಿಗೆ ಗೊತ್ತಾಗ್ಬೇಕು: ಕಾರ್ಡ್‌ಲೆಸ್ ಬಗ್ಗೆ ನೀವು ಕೇಳಿದ್ದು

ಮನೆ ಲ್ಯಾಂಡ್‌ಲೈನ್ ಬಗ್ಗೆ ಹೋದ ಸಲ ನಾಕು ಸಾಲು ಬರೆದಿದ್ದಕ್ಕೆ ತುಂಬಾ ಪತ್ರ ಬಂದಿವೆ. ಹೆಚ್ಚಿನವು ಮಲೆನಾಡು, ಕರಾವಳಿ ಕಡೆಯವು, ಮೊಬೈಲ್ ಸಿಗ್ನಲ್ ಬೇಕು ಅಂದ್ರೆ ಗುಡ್ಡ ಹತ್ತಬೇಕಾದ ಊರುಗಳವು. ಅಲ್ಲಿಗೆಲ್ಲ ಈಗ ಫೈಬರ್ ಇಂಟರ್ನೆಟ್ ಬಂದಿದೆ, ಅದರ ಡಬ್ಬಿಯ ಹಿಂದೆ ಫೋನಿಗೊಂದು ತೂತೂ ಇದೆ, ಹಾಗಾಗಿ ಬೆಂಗಳೂರಲ್ಲೋ ಪುಣೆಯಲ್ಲೋ ಇರೋ ಮಕ್ಕಳು ಊರಿಗೆ ಹೋದಾಗ ಒಂದು ಕಾರ್ಡ್‌ಲೆಸ್ ತಂದು ಹಾಕ್ತಿದಾರೆ. ಹಾಕಿ ವಾಪಸ್ ಬಸ್ ಹತ್ತಿದ ಮೇಲೆ ಶುರುವಾಗೋ ತೊಂದರೆಗಳೇ ಈ ಸಲದ ಪ್ರಶ್ನೆಗಳು.

ತೀರ್ಥಹಳ್ಳಿ ಹತ್ತಿರದ ಹಳ್ಳೀಲಿ ಅಪ್ಪ ಅಮ್ಮ ಇಬ್ಬರೇ ಇದಾರೆ. ಕಾಲರ್ ಐಡಿ ಇರೋ ಕಾರ್ಡ್‌ಲೆಸ್ ಹಾಕಿ ನಮ್ಮೆಲ್ಲರ ಹೆಸರೂ ಸೇವ್ ಮಾಡಿ ಬಂದೆ. ಆದ್ರೆ ನಾವು ಫೋನ್ ಮಾಡಿದ್ರೆ ಅಲ್ಲಿ ಬರೀ ನಂಬರ್ ಬರತ್ತಂತೆ, ಹೆಸರು ಬರಲ್ಲ. ಮಿಸ್ಡ್ ಕಾಲ್ ನೋಡಿ ಅಮ್ಮ ವಾಪಸ್ ಮಾಡಿದ್ರೆ ಕಾಲೇ ಹೋಗಲ್ಲ. ಫೋನ್ ಕೆಟ್ಟಿದ್ಯಾ?

ಫೋನ್ ಚೆನ್ನಾಗೇ ಇದೆ. ನಿಮ್ಮ ಎರಡೂ ತೊಂದರೆಗೆ ಕಾರಣ ಒಂದೇ ಒಂದು ಸೊನ್ನೆ.

2021ರ ಜನವರಿ 15ರಿಂದ ಲ್ಯಾಂಡ್‌ಲೈನಿಂದ ಯಾವುದೇ ಮೊಬೈಲಿಗೆ ಮಾಡ್ಬೇಕಾದ್ರೂ ಮುಂದೆ 0 ಒತ್ತಲೇಬೇಕು, ಅದು ಇಡೀ ದೇಶಕ್ಕೆ ಬಂದ ನಿಯಮ. ನೀವು ಇದನ್ನ ನೆನಪಿಟ್ಕೊಂಡು ಎಲ್ಲಾ ನಂಬರೂ ಸೊನ್ನೆ ಸೇರಿಸಿಯೇ ಸೇವ್ ಮಾಡಿರ್ತೀರಿ, ಸರಿಯಾಗೇ ಮಾಡಿದೀರಿ. ಆದ್ರೆ ನಿಮ್ಮ ಕಾಲ್ ಬರುವಾಗ ಲೈನಲ್ಲಿ ನಂಬರ್ ಬರೋದು ಸೊನ್ನೆ ಇಲ್ಲದೆ, ಬರೀ ಹತ್ತು ಅಂಕಿ. ಹೆಸರು ಅನ್ನೋದು ಲೈನಲ್ಲಿ ಬರೋದಲ್ಲ, ಅಲ್ಲಿ ಬರೋದು ನಂಬರ್ ಮಾತ್ರ, ಅದನ್ನ ಫೋನು ತನ್ನ ಫೋನ್‌ಬುಕ್ಕಲ್ಲಿರೋ ನಂಬರಿನ ಜೊತೆ ಹೋಲಿಸಿ ನೋಡಿ ಸರಿಹೋದ್ರೆ ಹೆಸರು ತೋರಿಸತ್ತೆ. ಕೆಲವು ಮಾಡೆಲ್ಲು ಕೊನೇ ಅಂಕಿಗಳನ್ನಷ್ಟೇ ಹೋಲಿಸತ್ತೆ, ಕೆಲವು ಮೊದಲ ಅಂಕಿಯಿಂದಲೇ ಸರಿ ಇರಬೇಕು ಅನ್ನತ್ತೆ. ನಿಮ್ಮದು ಎರಡನೇ ಜಾತಿ. ಇನ್ನು ಮಿಸ್ಡ್ ಕಾಲ್ ಪಟ್ಟಿಯಿಂದ ಅಮ್ಮ ಹಸಿರು ಬಟನ್ ಒತ್ತಿದಾಗ ಫೋನು ಬಂದ ನಂಬರನ್ನ ಹಾಗೇ ಡಯಲ್ ಮಾಡತ್ತೆ, ಸೊನ್ನೆ ಇಲ್ಲ, ಕಾಲ್ ಹೋಗಲ್ಲ.

ಮುಂದಿನ ಸಲ ಊರಿಗೆ ಹೋದಾಗ ಫೋನ್‌ಬುಕ್ ಮುಟ್ಟೋ ಮೊದಲು ನಿಮ್ಮ ಮೊಬೈಲಿಂದ ವೈಫೈ ಕಾಲಿಂಗಲ್ಲೋ, ಸಿಗ್ನಲ್ ಬರೋ ಕಡೆ ಹೋಗಿಯೋ, ಮನೆ ಫೋನಿಗೊಂದು ರಿಂಗ್ ಕೊಡಿ. ಪರದೆ ಮೇಲೆ ನಂಬರ್ ಹೇಗೆ ಬಂತು ಅಂತ ಕಾಗದದಲ್ಲಿ ಬರ್ಕೊಳ್ಳಿ, ಸೊನ್ನೆ ಇದೆಯಾ ಇಲ್ವಾ, ಎಷ್ಟು ಅಂಕಿ ಅಂತ. ಹೆಸರು ಸೇವ್ ಮಾಡೋದು ಆ ರೂಪದಲ್ಲೇ. ಆಮೇಲೆ ಅದೇ ನಂಬರನ್ನ ಸೊನ್ನೆ ಸೇರಿಸಿ ಸ್ಪೀಡ್ ಡಯಲಿಗೆ ಹಾಕಿ, 1 ಒತ್ತಿ ಹಿಡಿದ್ರೆ ಮಗಳು, 2 ಒತ್ತಿ ಹಿಡಿದ್ರೆ ಮಗ, ಹೀಗೆ. ಬರೋದಕ್ಕೊಂದು ಹೋಗೋದಕ್ಕೊಂದು, ಎರಡು ಸಲ ಹಾಕ್ಬೇಕಾಗತ್ತೆ, ಆದ್ರೆ ಒಂದೇ ಸಲದ ಕೆಲಸ. ಸ್ಪೀಡ್ ಡಯಲಿನ ಪಟ್ಟೀನ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ಫೋನಿನ ಪಕ್ಕ ಗೋಡೆಗೆ ಅಂಟಿಸಿ. ಪಟ್ಟೀಲಿ ಇಲ್ಲದವರ ಮಿಸ್ಡ್ ಕಾಲಿಗೆ ವಾಪಸ್ ಮಾಡ್ಬೇಕಾದ್ರೆ ಬಹಳಷ್ಟು ಫೋನಲ್ಲಿ ನಂಬರ್ ತಿದ್ದೋ ಅನುಕೂಲ ಇರತ್ತೆ, ಮುಂದೊಂದು ಸೊನ್ನೆ ಸೇರಿಸಿ ಆಮೇಲೆ ಹಸಿರು ಬಟನ್.

ಹೆಸರು ಟೈಪ್ ಮಾಡೋದು ಹಳೇ ಮೊಬೈಲ್ ಥರಾನೇ, ಹೆಚ್ಚಿನ ಫೋನಲ್ಲಿ ಕನ್ನಡ ಅಕ್ಷರ ಇರಲ್ಲ. ಮಗಳು ಅಂತ ಬರೀಬೇಕಾದ್ರೆ 6 ಒಂದ್ಸಲ, 2 ಒಂದ್ಸಲ, 4 ಒಂದ್ಸಲ, ಮತ್ತೆ 2 ಒಂದ್ಸಲ, 5 ಮೂರು ಸಲ, 8 ಎರಡು ಸಲ. ಅಪ್ಪ ಅಮ್ಮನಿಗೆ ಇಂಗ್ಲಿಷ್ ಅಕ್ಷರ ಓದೋಕೆ ಕಷ್ಟ ಅಂದ್ರೆ ಹೆಸರಿನ ಬದಲು ನಂಬರಿಗೊಂದು ಬೇರೆ ರಿಂಗ್‌ಟೋನ್ ಕೊಡೋ ಮಾಡೆಲ್ ನೋಡಿ ತಗೊಳ್ಳಿ. ನಮ್ಮತ್ತೆಗೆ ಕಣ್ಣು ಮಂಜು, ಪರದೆ ಕಾಣಲ್ಲ, ಆದ್ರೆ ರಿಂಗ್ ಕೇಳಿದ ತಕ್ಷಣ ಇದು ದೊಡ್ಡವನು ಅಂತ ಹೇಳ್ತಾರೆ, ಅಡುಗೆಮನೆಯಿಂದ ಬರುವಾಗಲೇ ಅವರ ಮುಖ ಬೇರೆ ಆಗಿರತ್ತೆ.

ನಮ್ಮ ಫೋನಲ್ಲಿ ನಂಬರೇ ಬರಲ್ಲ. ಒಂದೊಂದ್ಸಲ ಬರತ್ತೆ, ಒಂದೊಂದ್ಸಲ ಇಲ್ಲ. — ಶಿರಸಿ

ಒಂದ್ಸಲವೂ ಬರಲ್ಲ ಅನ್ನೋದು ಬೇರೆ, ಒಂದೊಂದ್ಸಲ ಬರತ್ತೆ ಅನ್ನೋದು ಬೇರೆ. ನಿಮ್ಮದು ಎರಡನೇದು, ಅದಕ್ಕೆ ಮೊದಲು ಒಂದು ಕೇಳ್ತೀನಿ, ಮೊದಲ ರಿಂಗಿಗೇ ಎತ್ತಿಬಿಡ್ತೀರಾ?

ನಂಬರ್ ಕಳಿಸೋ ರೀತಿ ಎರಡಿವೆ. ಎಫ್‌ಎಸ್‌ಕೆ ಅನ್ನೋದರಲ್ಲಿ ಸಾಮಾನ್ಯವಾಗಿ ಮೊದಲ ರಿಂಗಿಗೂ ಎರಡನೇ ರಿಂಗಿಗೂ ನಡುವಿನ ಮೌನದಲ್ಲಿ ನಂಬರ್ ಬರತ್ತೆ. ಆ ಮೌನ ಮುಗಿಯೋ ಮುಂಚೆ ಎತ್ತಿದ್ರೆ ನಂಬರ್ ಅಲ್ಲೇ ಕಳೆದುಹೋಗತ್ತೆ. ಡಿಟಿಎಂಎಫ್ ಅನ್ನೋ ಇನ್ನೊಂದರಲ್ಲಿ ರಿಂಗ್ ಆಗೋಕೂ ಮುಂಚೆನೇ ಬರತ್ತೆ. ನಮ್ಮ ದೇಶದಲ್ಲಿ ಎರಡೂ ಬಳಕೇಲಿವೆ, ಅದಕ್ಕೇ ಇಲ್ಲಿ ಮಾರೋ ಫೋನುಗಳ ಡಬ್ಬಿ ಮೇಲೆ ಎರಡರ ಹೆಸರೂ ಬರೆದಿರತ್ತೆ. ಕೆಲವು ಫೋನು ತಾನೇ ಗುರುತು ಹಿಡಿಯತ್ತೆ, ಕೆಲವಲ್ಲಿ ಮೆನುಗೆ ಹೋಗಿ ಆರಿಸ್ಬೇಕು. ಎರಡು ರಿಂಗ್ ಆಗೋವರೆಗೂ ಕಾದು ನೋಡಿ, ಅರ್ಧ ತೊಂದರೆ ಅಲ್ಲೇ ಹೋಗತ್ತೆ. ಇನ್ನೊಂದು ಸುಳಿವು, ಎಫ್‌ಎಸ್‌ಕೆಯಲ್ಲಿ ನಂಬರಿನ ಜೊತೆ ದಿನಾಂಕ, ಟೈಮೂ ಬರತ್ತೆ. ಫೋನಿನ ಗಡಿಯಾರ ಕಾಲ್ ಬಂದ ಮೇಲೆ ತಾನಾಗೇ ಸರಿಹೋಯ್ತು ಅಂದ್ರೆ ನಿಮ್ಮದು ಎಫ್‌ಎಸ್‌ಕೆ ಅಂತ ತಿಳ್ಕೊಳ್ಳಿ. ಡಿಟಿಎಂಎಫ್ ಆದ್ರೆ ನೀವೇ ಟೈಮ್ ಇಡ್ಬೇಕು, ಇಲ್ಲಾಂದ್ರೆ ಮಿಸ್ಡ್ ಕಾಲ್ ಪಟ್ಟೀಲಿ ಎಲ್ಲ ದಿನಾಂಕವೂ ತಪ್ಪು.

ಒಂದ್ಸಲವೂ ಬರಲ್ಲ ಅನ್ನೋರು ಲೈನಿಗೆ ಕ್ಲಿಪ್ ಸೌಲಭ್ಯ ಹಾಕಿದಾರಾ ಅಂತ ಕೇಳಿ, ಕಾಲರ್ ಐಡಿಗೆ ಟೆಲಿಫೋನ್ ಆಫೀಸಿನವರ ಭಾಷೇಲಿ ಅದೇ ಹೆಸರು. ಫೈಬರ್ ಆದ್ರೆ ಈ ಎರಡರಲ್ಲಿ ಯಾವುದು ಕಳಿಸ್ಬೇಕು ಅನ್ನೋದು ಆ ಡಬ್ಬಿಯ ಸೆಟ್ಟಿಂಗಲ್ಲಿ ಇರತ್ತೆ, ಕನೆಕ್ಷನ್ ಕೊಟ್ಟವರನ್ನೇ ಕರೀಬೇಕು. ಇನ್ನೂ ತಾಮ್ರದ ತಂತಿ, ಅದರಲ್ಲೇ ಬ್ರಾಡ್‌ಬ್ಯಾಂಡ್ ಇರೋರು ಫೋನಿನ ಮುಂದೆ ಸ್ಪ್ಲಿಟರ್ (ಮಾತನ್ನೂ ಇಂಟರ್ನೆಟ್ಟನ್ನೂ ಬೇರೆ ಮಾಡೋ ಸಣ್ಣ ಡಬ್ಬಿ) ಇದೆಯಾ ನೋಡ್ಕೊಳ್ಳಿ, ಅದಿಲ್ಲದೆ ನೇರ ಸಿಕ್ಕಿಸಿದ್ರೆ ಕಿವೀಲಿ ಸುಯ್ಯ್ ಅಂತ ಸದ್ದು, ಪರದೆ ಖಾಲಿ.

ಅಮೆರಿಕದಿಂದ ಬಂದ ತಮ್ಮ ಎರಡು ಹ್ಯಾಂಡ್‌ಸೆಟ್ಟಿನ ಒಳ್ಳೇ ಕಾರ್ಡ್‌ಲೆಸ್ ತಂದುಕೊಟ್ಟಿದಾನೆ, ಡೆಕ್ಟ್ 6.0 ಅಂತಿದೆ. ಹಾಕ್ಬಹುದಾ? — ಮೈಸೂರು

ದಯವಿಟ್ಟು ಹಾಕ್ಬೇಡಿ. ಪ್ರೀತಿಯಿಂದ ತಂದಿದಾರೆ, ಬೇಜಾರಾಗತ್ತೆ ಅಂತ ಗೊತ್ತು. ಡೆಕ್ಟ್ ಅಂದ್ರೆ ಕಾರ್ಡ್‌ಲೆಸ್ ಫೋನುಗಳ ಒಂದು ರೇಡಿಯೋ ಪದ್ಧತಿ, ಆ 6.0 ಅನ್ನೋದು ಮಾರೋಕೆ ಇಟ್ಟ ಹೆಸರಷ್ಟೇ, ಅದು ಕೆಲಸ ಮಾಡೋದು 1920ರಿಂದ 1930 ಮೆಗಾಹರ್ಟ್ಜ್ ನಡುವೆ. ನಮ್ಮಲ್ಲಿ 1920ರಿಂದ 1980ರವರೆಗೆ ಮೊಬೈಲ್ ಫೋನುಗಳು ಟವರಿಗೆ ಮಾತಾಡೋ ಜಾಗ. ನೀವು ಕಾರ್ಡ್‌ಲೆಸ್ಸಲ್ಲಿ ಮಾತಾಡ್ತಾ ಕೂತ್ರೆ ಪಕ್ಕದ ಟವರಿನ ಕಿವೀಲಿ ಗಲಾಟೆ, ನಿಮ್ಮ ಬೀದಿಯವರ ಕಾಲುಗಳು ಕಟ್ ಆಗೋಕೆ ಶುರುವಾದ್ರೆ ಯಾಕೆ ಅಂತ ಅವರಿಗೆ ತಿಳಿಯೋದೂ ಇಲ್ಲ. ಯುರೋಪಿನ ಡೆಕ್ಟ್ ಬೇರೆ, ಅದು 1880ರಿಂದ 1900. ಇದರ ಮೇಲೆ ಅಲ್ಲಿನ ಅಡಾಪ್ಟರ್ 120 ವೋಲ್ಟಿಂದು ಮಾತ್ರ ಆಗಿದ್ರೆ ನಮ್ಮ 230ಕ್ಕೆ ಹಾಕಿದ ಕೂಡಲೇ ಸುಟ್ಟುಹೋಗತ್ತೆ. ಇಲ್ಲಿಗಂತಲೇ ಮಾಡಿದ್ದನ್ನ ಇಲ್ಲಿನ ಅಂಗಡೀಲಿ ಬಿಲ್ ಸಮೇತ ತಗೊಳ್ಳಿ.

ಹ್ಯಾಂಡ್‌ಸೆಟ್ಟಿಗೆ ರಿಮೋಟಿನ ಸೆಲ್ ಹಾಕ್ಬಹುದಾ?

ಬೇಡವೇ ಬೇಡ. ಅಳತೆ ಒಂದೇ ಇದ್ರೂ ಒಳಗಿನದು ಬೇರೆ. ಹ್ಯಾಂಡ್‌ಸೆಟ್ಟಲ್ಲಿ ಸಾಮಾನ್ಯವಾಗಿ ಇರೋದು 1.2 ವೋಲ್ಟಿನ ಚಾರ್ಜ್ ಆಗೋ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲು, ಎರಡು. ರಿಮೋಟಿನ ಸೆಲ್ ಹಾಕಿ ಬೇಸಿನ (ಲೈನಿಗೆ ಸಿಕ್ಕಿಸಿರೋ, ಹ್ಯಾಂಡ್‌ಸೆಟ್ ಕೂರಿಸೋ ಪೀಠದ) ಮೇಲಿಟ್ರೆ ಅದು ಚಾರ್ಜ್ ಮಾಡೋಕೆ ಹೋಗತ್ತೆ, ಸೆಲ್ ಸೋರತ್ತೆ, ಒಡೆಯಲೂಬಹುದು. ಎರಡನ್ನೂ ಒಟ್ಟಿಗೆ ಬದಲಾಯಿಸಿ, ಒಂದು ಹಳೇದು ಒಂದು ಹೊಸದು ಅಂತ ಸೇರಿಸ್ಬೇಡಿ. ಹೊಸ ಫೋನಾದ್ರೆ ಮೊದಲ ಚಾರ್ಜ್ ಫೋನಿನ ಜೊತೆ ಬಂದ ಪುಸ್ತಕದಲ್ಲಿ ಹೇಳಿದಷ್ಟು ಗಂಟೆ ಪೂರ್ತಿ ಆಗ್ಲಿ, ರಾತ್ರಿ ಇಟ್ಟು ಬೆಳಿಗ್ಗೆ ತೆಗೆಯೋದು ಸುಲಭ.

ಅಂಗಳದಲ್ಲಿ ಅಡಿಕೆ ಒಣಗಿಸುವಾಗ ಫೋನ್ ಹಿಡ್ಕೊಂಡು ಹೋದ್ರೆ ಮಾತು ತುಂಡು ತುಂಡಾಗತ್ತೆ. ಡಬ್ಬಿ ಮೇಲೆ 300 ಮೀಟರ್ ಅಂತ ಬರೆದಿದ್ರು. — ಸಾಗರ

ಆ 300 ಬಯಲಲ್ಲಿ, ನಡುವೆ ಏನೂ ಅಡ್ಡ ಇಲ್ಲದಾಗ. ಮನೆ ಒಳಗೆ 50 ಮೀಟರ್ ಅಂತ ಅದೇ ಡಬ್ಬಿ ಮೇಲೆ ಸಣ್ಣಕ್ಷರದಲ್ಲಿ ಇರತ್ತೆ, ಅದೂ ತೆಳು ಗೋಡೆಗೆ. ನಿಮ್ಮ ಕಡೆ ಹಳೇ ಮನೆಗಳ ಮಣ್ಣು ಗೋಡೆ, ಜಂಬಿಟ್ಟಿಗೆ ಗೋಡೆ ಮೊಳದಗಲ ಇರತ್ತಲ್ಲ, ಅಂಥದ್ದು ಎರಡು ದಾಟೋಷ್ಟರಲ್ಲಿ ಸಿಗ್ನಲ್ ಸೋತುಹೋಗತ್ತೆ. ಬೇಸನ್ನ ಕಬ್ಬಿಣದ ಬೀರು, ಫ್ರಿಜ್ಜು, ಟೀವಿ ಹಿಂದೆ ಇಡ್ಬೇಡಿ. ಅಂಗಳಕ್ಕೆ ತೆರೆಯೋ ಕಿಟಕಿ ಹತ್ತಿರ, ಎದೆ ಮಟ್ಟದಲ್ಲಿ ಇಡಿ, ಫೈಬರ್ ಡಬ್ಬಿಯಿಂದ ಅಲ್ಲೀವರೆಗೆ ಫೋನಿನ ವೈರನ್ನೇ ಉದ್ದ ಎಳೀಬಹುದು, ಅದು ಅಗ್ಗ. ಫೋನು 2.4 ಗಿಗಾಹರ್ಟ್ಜಿಂದಾದ್ರೆ ವೈಫೈ ರೂಟರ್ರೂ ಅದೇ ತರಂಗದಲ್ಲಿ ಮಾತಾಡತ್ತೆ, ಎರಡನ್ನೂ ಒಂದೆರಡು ಮೀಟರಾದ್ರೂ ದೂರ ಇಡಿ.

ಕರೆಂಟ್ ಹೋದ್ರೆ ಫೋನೂ ಸತ್ತುಹೋಗತ್ತೆ. ಮುಂಚೆ ಹೀಗಿರಲಿಲ್ಲ.

ಮುಂಚೆ ತಾಮ್ರದ ತಂತೀಲಿ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರ್ತಿತ್ತು, ಅಲ್ಲಿ ದೊಡ್ಡ ಬ್ಯಾಟರಿ ಸಾಲು ಇರ್ತಿತ್ತು, ಅದಕ್ಕೇ ಊರೆಲ್ಲ ಕತ್ತಲಾದ್ರೂ ಹಳೇ ಫೋನು ಬಡ್ಕೊಳ್ತಿತ್ತು. ಫೈಬರಲ್ಲಿ ಬರೋದು ಬೆಳಕು, ಅದರಲ್ಲಿ ಕರೆಂಟ್ ಬರಲ್ಲ. ಈಗ ಫೈಬರ್ ಡಬ್ಬಿಗೂ ಕರೆಂಟ್ ಬೇಕು, ಕಾರ್ಡ್‌ಲೆಸ್ ಬೇಸಿಗೂ ಬೇಕು. ಹ್ಯಾಂಡ್‌ಸೆಟ್ಟಲ್ಲಿ ಚಾರ್ಜ್ ತುಂಬಿದ್ರೂ ಬೇಸ್ ಸತ್ತರೆ ಅದು ಯಾರ ಜೊತೆ ಮಾತಾಡತ್ತೆ? ಕರೆಂಟ್ ಹೋದಾಗ ಫೈಬರ್ ಡಬ್ಬೀನ ಬ್ಯಾಟರಿಯಿಂದ ನಡೆಸೋ ಸಣ್ಣ ಡಿಸಿ ಯುಪಿಎಸ್ ಸಿಗತ್ತೆ, ಅಡಾಪ್ಟರ್ ಮೇಲಿನ ವೋಲ್ಟ್ ಓದಿ ಅಷ್ಟರದ್ದೇ ತಗೊಳ್ಳಿ. ಜೊತೆಗೆ ವೈರಿರೋ ಒಂದು ಸಾದಾ ಫೋನನ್ನ ಅದೇ ಲೈನಿಗೆ ಪ್ಯಾರಲಲ್ ಆಗಿ ಹಾಕಿಡಿ, ಅದಕ್ಕೆ ಬೇರೆ ಕರೆಂಟ್ ಬೇಡ, ಫೈಬರ್ ಡಬ್ಬಿ ಜೀವಂತ ಇದ್ರೆ ಸಾಕು. ವಯಸ್ಸಾದವರಿಬ್ಬರೇ ಇರೋ ಮನೇಲಿ, ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದಾಗ, ಆ ಸಾದಾ ಫೋನಿನ ಬೆಲೆ ಗೊತ್ತಾಗತ್ತೆ. ಆದ್ರೆ ಸಿಡಿಲು ಶುರುವಾದ್ರೆ ಪ್ಲಗ್ಗೂ ಫೋನಿನ ವೈರೂ ಎರಡನ್ನೂ ಕಿತ್ತಿಡಿ.

8182ರಿಂದ ಶುರುವಾಗೋ ನಂಬರಿಂದ ಕಾಲ್ ಬಂತು. ಮೋಸದ ಮೊಬೈಲ್ ಅಂತ ಎತ್ತಲಿಲ್ಲ. ಆಮೇಲೆ ನೋಡಿದ್ರೆ ಆಸ್ಪತ್ರೆಯಿಂದ ಮಾಡಿದ್ರಂತೆ. — ಭದ್ರಾವತಿ

ಅದು ಶಿವಮೊಗ್ಗದ ಎಸ್‌ಟಿಡಿ ಕೋಡು, 08182. ಮತ್ತೆ ಅದೇ ಸೊನ್ನೆ! ಮುಂದಿನ ಸೊನ್ನೆ ಬಿದ್ದುಹೋದ್ರೆ ಕೋಡು, ನಂಬರು ಸೇರಿ ಹತ್ತಂಕಿ ಆಗಿ ಥೇಟ್ ಮೊಬೈಲ್ ಥರಾನೇ ಕಾಣತ್ತೆ. ಬೆಂಗಳೂರಿಂದು 80, ಮೈಸೂರಿಂದು 821, ಮಂಗಳೂರಿಂದು 824, ಹುಬ್ಬಳ್ಳಿ ಧಾರವಾಡದ್ದು 836 ಅಂತ ಬರತ್ತೆ. ನಿಮಗೆ ಬೇಕಾದ ಆಸ್ಪತ್ರೆ, ಬ್ಯಾಂಕು, ಗ್ಯಾಸು ಇವನ್ನ ಇದೇ ರೂಪದಲ್ಲಿ ಹೆಸರು ಹಾಕಿ ಸೇವ್ ಮಾಡಿ.

140ರಿಂದ ಶುರುವಾದ್ರೆ ಅದು ಏನಾದ್ರೂ ಮಾರೋರದ್ದು, ಬಿಡಿ. 1600ರ ಸಾಲು ಬ್ಯಾಂಕು, ವಿಮೆ ಇಂಥವರ ಸೇವೆ ಕಾಲಿಗೆ ಅಂತ ಇಟ್ಟಿದ್ದು. ಆದ್ರೆ ಒಂದು ಮಾತು ದಯವಿಟ್ಟು ಮನೆಯ ಹಿರಿಯರಿಗೆ ಕೂರಿಸ್ಕೊಂಡು ಹೇಳಿ, ಪರದೆ ಮೇಲೆ ಬಂದ ನಂಬರನ್ನ ಸುಳ್ಳಾಗಿ ತೋರಿಸೋಕೂ ಬರತ್ತೆ. ನಂಬರ್ ಪೊಲೀಸ್ ಠಾಣೆದೇ ಅನ್ನಿಸಿದ್ರೂ ಯಾರೂ ಫೋನಲ್ಲಿ ಅರೆಸ್ಟ್ ಮಾಡಲ್ಲ, ಡಿಜಿಟಲ್ ಅರೆಸ್ಟ್ ಅಂತ ಕಾನೂನಲ್ಲಿ ಇಲ್ಲವೇ ಇಲ್ಲ. ಓಟಿಪಿ, ದುಡ್ಡು ಅಂದ ಕೂಡಲೇ ಇಟ್ಟುಬಿಡಿ, ಸ್ಪೀಡ್ ಡಯಲ್ 1 ಒತ್ತಿ ಮಗಳಿಗೆ ಹೇಳಿ. ದುಡ್ಡು ಹೋಗೇಬಿಟ್ಟಿದ್ರೆ ತಡ ಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಆ ನಂಬರನ್ನೂ, ತುರ್ತಿಗೆ 112ನ್ನೂ ಗೋಡೆಯ ಪಟ್ಟೀಲಿ ಬರೀರಿ, ಈ ಎರಡಕ್ಕೆ ಮುಂದೆ ಸೊನ್ನೆ ಬೇಡ.

ಅಜ್ಜಿ ಹ್ಯಾಂಡ್‌ಸೆಟ್ಟನ್ನ ಎಲ್ಲೆಲ್ಲೋ ಇಟ್ಟು ಮರೀತಾರೆ, ಹುಡುಕೋದೇ ಕೆಲಸ.

ಬೇಸಿನ ಮೇಲೆ ಒಂದು ಬಟನ್ ಇರತ್ತೆ, ಒತ್ತಿದ್ರೆ ಹ್ಯಾಂಡ್‌ಸೆಟ್ ಇದ್ದಲ್ಲೇ ಕೂಗತ್ತೆ, ಚಾರ್ಜ್ ಇರೋವರೆಗೆ ಮಾತ್ರ. ಅದರ ಪಕ್ಕ ಒಂದು ಕೆಂಪು ಬೊಟ್ಟು ಅಂಟಿಸಿ, ಅಜ್ಜೀನೇ ಒತ್ತಿ ಹುಡುಕ್ಕೋತಾರೆ.