ರೆಡ್ ಕ್ರಾಸ್ ಹಾಳೆಯಲ್ಲಿ ಅಮ್ಮ ಬರೆದದ್ದು

ತಮ್ಮ ಬದುಕಿನ ಕಥೆಯನ್ನು ಹಿಂದಿನ ಚಿಕಿತ್ಸಕರ ಮಾತಿನಲ್ಲೇ ಒಪ್ಪಿಸುವವರು ನನ್ನ ಬಳಿ ಆಗಾಗ ಬರುತ್ತಾರೆ. ಎಲ್ಲೂ ತಡವರಿಕೆ ಇರುವುದಿಲ್ಲ. ನನಗೆ ಅನುಮಾನ ಹುಟ್ಟುವುದೇ ಅಲ್ಲಿ. ಟೊರಾಂಟೊದಲ್ಲಿ ಆಪ್ತಸಲಹೆ ನಡೆಸುವ ನನಗೆ ಅಂಥ ಒಂದು ಪ್ರಕರಣ ಬಹಳ ಕಾಲ ಕಾಡಿತು. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ.

ಆತ ಶ್ರೀಲಂಕಾದ ಉತ್ತರ ತುದಿಯ ಜಾಫ್ನಾದ ತಮಿಳರು, ಐವತ್ತರ ಆಸುಪಾಸು. ಹುಡುಗನನ್ನು ಸೈನ್ಯ ಹಿಡಿದೊಯ್ಯಬಹುದು, ಇಲ್ಲವೇ ಪ್ರತ್ಯೇಕ ತಮಿಳು ನಾಡಿಗಾಗಿ ಸೈನ್ಯದೊಡನೆ ಕಾದಾಡುತ್ತಿದ್ದ ಎಲ್‌ಟಿಟಿಇಯ ಹುಲಿಗಳು ತಮ್ಮ ಪಡೆಗೆ ಸೇರಿಸಿಕೊಳ್ಳಬಹುದು ಎಂದು ಹೆದರಿದ ತಾಯಿ, ಬಳೆಗಳನ್ನು ಮಾರಿ ಕೊಲಂಬೊ ಮೂಲಕ ಹೊರದೇಶಕ್ಕೆ ಕಳಿಸಿದ್ದರು. 1995ರ ಅಕ್ಟೋಬರ್ ಕೊನೆಯಲ್ಲಿ ಜಾಫ್ನಾ ಊರಿಗೆ ಊರೇ ಖಾಲಿಯಾದಾಗ ತಾಯಿಯೂ ತಂಗಿಯೂ ದಕ್ಷಿಣಕ್ಕಿರುವ ವನ್ನಿ ಎಂಬ ಕಾಡುಸೀಮೆಯ ಕಡೆ ಹೊರಟರು. 2002ರ ಕದನವಿರಾಮಕ್ಕೆ ಮೊದಲೇ ತಾಯಿ ತೀರಿಕೊಂಡರು. ಮಗನಿಗೆ ಉಳಿದದ್ದು ಒಂದು ಕಟ್ಟು ಪತ್ರ.

ಹಿಂದೆ ಅವರು ಹಲವು ವರ್ಷ ಒಬ್ಬ ಮನೋವಿಶ್ಲೇಷಕರ ಬಳಿ ಹೋಗುತ್ತಿದ್ದರು. ಆ ಹಿರಿಯರು ಇವರಿಂದ ಪತ್ರಗಳ ಸಾರ ಕೇಳಿ ಒಂದು ಅರ್ಥ ಕೊಟ್ಟಿದ್ದರು: ತಾಯಿಯ ಮಾತಿನಲ್ಲಿ ಹಂಬಲವಿಲ್ಲ, ಮಗನನ್ನು ಕಳಿಸಿದ್ದೇ ಕೈತೊಳೆದುಕೊಂಡ ಹಾಗೆ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡವರು ಇವರು. ಆ ಹಿರಿಯರು ಹೇಳಿದ್ದು ಇವರಿಗೆ ವೇದವಾಕ್ಯ. ನನ್ನ ವಿಷಯದಲ್ಲೂ ಅಷ್ಟೇ, ನಾಲ್ಕು ದಿನದಲ್ಲೇ ನಾನು ಅವರ ಬಾಯಲ್ಲಿ ‘ಅಕ್ಕ’ ಆಗಿಬಿಟ್ಟಿದ್ದೆ.

ಒಂದು ದಿನ ಪತ್ರಗಳನ್ನೇ ತಂದು ಮೇಜಿನ ಮೇಲಿಟ್ಟರು. ಕೆಲವು ಏರೋಗ್ರಾಮ್‌ಗಳು, ಅಂದರೆ ಮಡಚಿ ಅಂಟಿಸಿ ವಿಮಾನದ ಅಂಚೆಗೆ ಹಾಕುವ ತೆಳು ಕಾಗದಗಳು. 1995ರ ನಂತರದವು ಮಾತ್ರ ಬೇರೆ ಥರ: ಅಚ್ಚು ಹಾಕಿದ ಹಾಳೆ, ಕಳಿಸುವವರ ಹೆಸರಿಗೆ, ಪಡೆಯುವವರ ವಿಳಾಸಕ್ಕೆ ಗೆರೆಗಳು, ಕೆಳಗೆ ಬರೆಯಲು ಒಂದಿಷ್ಟು ಜಾಗ. ರೆಡ್ ಕ್ರಾಸ್ ಸಂದೇಶಗಳು. ಅಂಚೆ ತಲುಪದ ಕಡೆಗಳಿಂದ ಆ ಸಂಸ್ಥೆ ಸಾಗಿಸುವ ಇವು ಲಕೋಟೆಯಿಲ್ಲದ ತೆರೆದ ಕಾಗದಗಳು. ಮನೆಯ ಸುದ್ದಿ ಬಿಟ್ಟು ಬೇರೇನನ್ನೂ ಬರೆಯುವಂತಿಲ್ಲ. ಒಂದನ್ನು ಓದಿ ಹೇಳಲು ಕೇಳಿದೆ. “ನಾವು ಕ್ಷೇಮ. ಮಳೆ ಚೆನ್ನಾಗಿ ಆಯಿತು. ಹಸು ಕರು ಹಾಕಿದೆ. ಹೊತ್ತಿಗೆ ಸರಿಯಾಗಿ ಊಟ ಮಾಡು.” ಮುಗಿಯಿತು.

“ನಿಮ್ಮ ಕೈಗೆ ಬರುವ ಮೊದಲು ಇದನ್ನು ಯಾರು ಯಾರು ಓದಿರಬಹುದು?” ಎಂದೆ.

ಅವರು ಬೆರಳು ಮಡಚತೊಡಗಿದರು. ಶಿಬಿರದಲ್ಲಿ ಬರೆದುಕೊಟ್ಟವರು, ಅಲ್ಲಿ ಅಧಿಕಾರ ನಡೆಸುತ್ತಿದ್ದ ಹುಲಿಗಳು, ರೆಡ್ ಕ್ರಾಸ್‌ನವರು, ಸರ್ಕಾರದ ಕಡೆಯವರು. ನಾಲ್ಕನೆಯ ಬೆರಳಿಗೆ ಕಣ್ಣು ತುಂಬಿತು. “ಹಾಗಾದರೆ ಅಮ್ಮನಿಗೆ ನನ್ನ ಮೇಲೆ ಪ್ರೀತಿ ಇತ್ತು, ಅಲ್ಲವೇ ಅಕ್ಕಾ?”

ಹೌದು ಎಂದಿದ್ದರೆ ಅವರು ಅಂದು ಹಗುರಾಗಿ ಮನೆಗೆ ಹೋಗುತ್ತಿದ್ದರು. ನಾನು ಹೇಳಿದ್ದು ಇದು: “ಇಲ್ಲವೆಂದು ಇಷ್ಟು ವರ್ಷ ನಂಬಿದ್ದಿರಿ, ಒಬ್ಬರು ಹೇಳಿದರೆಂದು. ಈಗ ಇತ್ತೆಂದು ನಂಬಲು ಹೊರಟಿದ್ದೀರಿ, ನಾನು ಒಂದು ಪ್ರಶ್ನೆ ಕೇಳಿದೆನೆಂದು. ನಿಮ್ಮ ಅಮ್ಮನನ್ನು ನಾವಿಬ್ಬರೂ ಕಂಡವರಲ್ಲ.” ಅವರಿಗೆ ಸಿಟ್ಟು ಬಂತು. ಬರಲಿ ಎಂದೇ ಸುಮ್ಮನಿದ್ದೆ. ಅದುವರೆಗೆ ನನ್ನೆದುರು ಅವರು ಒಮ್ಮೆಯೂ ಸಿಟ್ಟಾಗಿರಲಿಲ್ಲ.

ಇದು ನಿರ್ದಯ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ಚಿಕಿತ್ಸಕರ ಮಾತೇ ರೋಗಿಯ ನಂಬಿಕೆಯಾಗಿಬಿಡುವ ಅಪಾಯ ಅಲ್ಲಿತ್ತು. ವಿಶ್ಲೇಷಕ ಕನ್ನಡಿಯಂತಿದ್ದು, ತನಗೆ ತೋರಿಸಿದ್ದನ್ನಷ್ಟೇ ತೋರಿಸಬೇಕೆಂದು ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ 1912ರಲ್ಲಿ ಬರೆದರು. ಆದರೆ ವಿಯೆನ್ನಾದ ಅವರ ಕೋಣೆಯ ತುಂಬ ಅವರೇ ಆಸೆಪಟ್ಟು ಕೂಡಿಟ್ಟ ಪುರಾತನ ವಿಗ್ರಹಗಳು! ಒಳಗೆ ಕಾಲಿಟ್ಟ ರೋಗಿಗೆ ಅದರ ಒಡೆಯ ಎಂಥವರೆಂದು ತಿಳಿಯದೆ ಇರುತ್ತಿತ್ತೇ? ರೋಗಿಯ ಬಾಯಿಂದ ಬರುವುದು ವೈದ್ಯ ಹೇಳಿಕೊಟ್ಟದ್ದೇ ಎಂಬ ಆಕ್ಷೇಪವನ್ನು ಫ್ರಾಯ್ಡ್ ತಾವೇ ಎತ್ತಿಕೊಂಡು, 1917ರಲ್ಲಿ ಅಚ್ಚಾದ ಉಪನ್ಯಾಸದಲ್ಲಿ ಉತ್ತರವನ್ನೂ ಕೊಟ್ಟರು: ರೋಗಿಯೊಳಗಿನ ನಿಜಕ್ಕೆ ಹೊಂದದ ವಿವರಣೆ ಚಿಕಿತ್ಸೆಯ ಹಾದಿಯಲ್ಲಿ ತಾನಾಗಿ ಕಳಚಿಹೋಗುತ್ತದೆ. ನನ್ನ ಅನುಭವ ಹಾಗಿಲ್ಲ. ಹೇಳಿದವರ ಮೇಲೆ ಪ್ರೀತಿಯಿದ್ದರೆ ಹೊಂದದ ವಿವರಣೆಯೂ ವರ್ಷಗಟ್ಟಲೆ ನಿಲ್ಲುತ್ತದೆ, ನೆಮ್ಮದಿಯನ್ನೂ ಕೊಡುತ್ತದೆ. ಈ ಮನುಷ್ಯ ತಾಯಿಯನ್ನು ದೂರಿಕೊಂಡೇ ಚೆನ್ನಾಗಿ ನಿದ್ದೆ ಮಾಡುತ್ತಿದ್ದರು. ಇನ್ನು, ಯುದ್ಧದ ನಡುವಿನ ಕಾಗದದಲ್ಲಿ ಮನಸ್ಸನ್ನು ಹುಡುಕುವವರು ಮೊದಲು ಅದು ಬಂದ ದಾರಿಯನ್ನು ವಿಚಾರಿಸಬೇಕು. ಅದು ಚರಿತ್ರೆಯ ಪಾಠ, ನಮ್ಮ ಕೆಲಸವಲ್ಲ ಎನ್ನುವವರ ಜೊತೆ ನನಗೆ ಜಗಳವಿದೆ.

ಕೊಟ್ಟ ಸಲಹೆ ಇಷ್ಟೇ. ಪತ್ರಗಳನ್ನು ಇನ್ನು ನನ್ನ ಬಳಿ ತರಬೇಡಿ. ಜಾಫ್ನಾಕ್ಕೆ ಮರಳಿರುವ ತಂಗಿಗೆ ಫೋನ್ ಮಾಡಿ, ಒಂದೊಂದನ್ನೇ ಓದಿ ಹೇಳಿ. ಅಮ್ಮನಿಗೆ ನನ್ನ ಮೇಲೆ ಪ್ರೀತಿಯಿತ್ತೇ ಎಂದು ಕೇಳಬೇಡಿ. ಆ ವಾರ ಎಲ್ಲಿದ್ದಿರಿ, ಏನು ಉಂಡಿರಿ ಎಂದು ಕೇಳಿ. ನಾನು ಅಥವಾ ಆ ಹಿರಿಯರು ಏನೆಂದೆವು ಎಂಬುದನ್ನು ಆಕೆಗೆ ಮೊದಲೇ ತಿಳಿಸಬೇಡಿ.

ತಂಗಿ ಮೊದಲು ನಕ್ಕಳಂತೆ. ಹಸು ಎಲ್ಲಿಂದ ಬರಬೇಕು? ಆ ಮಳೆಗಾಲದಲ್ಲಿ ಅವರಿದ್ದದ್ದು ಒಂದು ಶಾಲೆಯ ಜಗಲಿಯಲ್ಲಿ. ಹಸು ಜಾಫ್ನಾದಲ್ಲೇ ಉಳಿದಿತ್ತು. ಕರುವಿನ ಸುದ್ದಿಯನ್ನು ತಾಯಿ ಕಟ್ಟಿ ಬರೆಸಿದ್ದರು. ಹಾಗೆಂದು ಆಕೆ ಮಮತೆಯ ಮೂರ್ತಿಯೇನೂ ಆಗಿರಲಿಲ್ಲ. ಯುದ್ಧಕ್ಕೆ ಮೊದಲೂ ಮಾತು ಬಿರುಸು. ಅವನ ಪ್ರಯಾಣಕ್ಕೆ ಬಳೆ ಹೋದವು, ನಿನ್ನ ಮದುವೆಗೆ ಏನೂ ಉಳಿಯಲಿಲ್ಲ ಎಂದು ಮಗಳೆದುರು ಮಗನನ್ನು ಬೈಯುತ್ತಿದ್ದರಂತೆ.

ಕೈತೊಳೆದುಕೊಂಡ ತಾಯಿ, ಪ್ರೀತಿಯನ್ನು ಅಡಗಿಸಿಟ್ಟುಕೊಂಡ ತಾಯಿ, ಎರಡು ಚಿತ್ರದಲ್ಲೂ ಈ ಬಳೆಯ ಜಗಳಕ್ಕೆ ಜಾಗವಿರಲಿಲ್ಲ. ಅವರು ಈಗ ತಂಗಿಗೆ ಭಾನುವಾರ ಫೋನ್ ಮಾಡುತ್ತಾರೆ. ನನ್ನ ಜೊತೆಗಿನ ಭೇಟಿಯನ್ನು ತಿಂಗಳಿಗೊಮ್ಮೆ ಸಾಕೆಂದು ಅವರೇ ಇಳಿಸಿದರು; ಬಂದಾಗ ಆಡುವ ಮಾತು ಹೆಚ್ಚಾಗಿ ಕೆಲಸದ್ದು, ಮಗಳ ಕಾಲೇಜಿನದು. ತಂಗಿಗೆ ಎರಡು ಬಳೆ ಮಾಡಿಸಬೇಕೆಂದಿದ್ದೇನೆ ಎಂದು ಕಳೆದ ಸಲ ಹೇಳಿದರು. ನನ್ನ ಅಭಿಪ್ರಾಯ ಕೇಳಲಿಲ್ಲ.