ಥೈರಾಯ್ಡ್ ಕಡಿಮೆ ಅಂತಾರೆ, ರಿಪೋರ್ಟಿನಲ್ಲಿ ಜಾಸ್ತಿ ಇದೆ!

ಪ್ರಶ್ನೆ: ನನಗೆ 34 ವರ್ಷ, ಸಿಂಧನೂರಿನವಳು. ಸುಸ್ತು ಇತ್ತು, ಕೂದಲು ಉದುರುತ್ತಿತ್ತು, ತೂಕವೂ ಏರಿತ್ತು. ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ 14 ಬಂತು, ಮುಂದೆ ದಪ್ಪ ಅಕ್ಷರದಲ್ಲಿ ‘ಹೈ’ ಅಂತ ಇದೆ. ಡಾಕ್ಟರು ನೋಡಿದರೆ ‘ಥೈರಾಯ್ಡ್ ಕಡಿಮೆ ಇದೆ’ ಅಂದು ಥೈರಾಯ್ಡ್ ಹಾರ್ಮೋನಿನ ಮಾತ್ರೆ ಬರೆದರು. ಜಾಸ್ತಿ ಇರುವುದನ್ನೇ ಮತ್ತೆ ಕೊಡುವುದು ಯಾಕೆ? ಬೆಳಿಗ್ಗೆ ಚಹಾ ಜೊತೆ ಇದನ್ನೂ ಕಬ್ಬಿಣಾಂಶದ ಮಾತ್ರೆಯನ್ನೂ ನುಂಗುತ್ತೇನೆ. ಮೂರು ವಾರವಾದರೂ ತೂಕ ಇಳಿದಿಲ್ಲ. ನಿಲ್ಲಿಸಿಬಿಡಲಾ?

ಉತ್ತರ: ನಿಲ್ಲಿಸಬೇಡಿ. ಡಾಕ್ಟರು ಹೇಳಿದ್ದೂ ಸರಿ, ರಿಪೋರ್ಟೂ ಸರಿ. ಟಿಎಸ್‌ಎಚ್ ಅನ್ನು ತಯಾರಿಸುವುದು ಥೈರಾಯ್ಡ್ ಗ್ರಂಥಿ ಅಲ್ಲ. ಮೆದುಳಿನ ಬುಡದಲ್ಲಿ ಪಿಟ್ಯುಟರಿ ಅಂತ ಒಂದು ಗ್ರಂಥಿ ಇದೆ, ತೂಕ ಸುಮಾರು ಅರ್ಧ ಗ್ರಾಂ. ಟಿಎಸ್‌ಎಚ್ ಬರುವುದು ಅಲ್ಲಿಂದ. ಕುತ್ತಿಗೆಯ ಮುಂಭಾಗದಲ್ಲಿರುವ ಥೈರಾಯ್ಡಿಗೆ ‘ಹಾರ್ಮೋನ್ ಕಳಿಸು’ ಅಂತ ಹೇಳುವುದಷ್ಟೇ ಅದರ ಕೆಲಸ.

ತುಂಗಭದ್ರಾ ಎಡದಂಡೆ ಕಾಲುವೆ ನಿಮಗೆ ಗೊತ್ತೇ ಇದೆ. ಕೊನೆ ಭಾಗಕ್ಕೆ ನೀರು ಕಡಿಮೆಯಾದಷ್ಟೂ ರೈತರ ಕೂಗು ಜೋರಾಗುತ್ತದೆ, ಅಲ್ವಾ? ಟಿಎಸ್‌ಎಚ್ ಅನ್ನುವುದು ಆ ಕೂಗು, ನೀರಲ್ಲ. ಸಾಮಾನ್ಯವಾಗಿ ಅದು 4ರ ಆಸುಪಾಸಿನೊಳಗೆ ಇರಬೇಕು. ನಿಮ್ಮದು 14. ಅಂದರೆ ಪಿಟ್ಯುಟರಿ ಎಷ್ಟು ಕೇಳಿದರೂ ಥೈರಾಯ್ಡ್ ಸಾಕಷ್ಟು ಕೊಡುತ್ತಿಲ್ಲ.

ಥೈರಾಯ್ಡ್ ಮುಖ್ಯವಾಗಿ ಕೊಡುವುದು ಟಿ4. ಅದರಲ್ಲಿ ನಾಲ್ಕು ಅಯೋಡಿನ್ ಪರಮಾಣುಗಳಿರುತ್ತವೆ. ದೇಹದ ಅಂಗಾಂಶಗಳು ಒಂದನ್ನು ಕಳಚಿ ಟಿ3 ಮಾಡಿಕೊಳ್ಳುತ್ತವೆ. ನಿಜವಾಗಿ ದುಡಿಯುವುದು ಈ ಟಿ3. ಎದೆಬಡಿತದ ವೇಗ, ಮೈಯ ಬಿಸಿ, ಕರುಳಿನ ಚಲನೆ, ಕೂದಲ ಬೆಳವಣಿಗೆ ಎಲ್ಲದರಲ್ಲೂ ಅದರ ಕೈವಾಡ ಇದೆ. ಹಾಗಾಗಿಯೇ ಒಂದು ಗ್ರಂಥಿ ನಿಧಾನವಾದರೆ ತೊಂದರೆ ಹತ್ತು ಕಡೆ ಕಾಣಿಸುತ್ತದೆ. ಬೇಸಿಗೆ ಇಳಿಯುವ ಮೊದಲೇ ನಿಮಗೊಬ್ಬರಿಗೆ ಚಳಿ ಅನ್ನಿಸುತ್ತದಾ? ಮಲಬದ್ಧತೆ ಇದೆಯಾ? ಮುಟ್ಟಿನ ರಕ್ತಸ್ರಾವ ಜಾಸ್ತಿಯಾಗಿದೆಯಾ? ಇದ್ದರೆ ಡಾಕ್ಟರಿಗೆ ಹೇಳಿ.

ಅಯೋಡಿನ್ ಹೆಸರು ಕೇಳಿ ಉಪ್ಪು ಜಾಸ್ತಿ ತಿನ್ನಲು ಹೋಗಬೇಡಿ. ಅಯೋಡಿನ್ ಉಪ್ಪು ಬಳಸುವ ಕಡೆಗಳಲ್ಲಿ ಈ ತೊಂದರೆಗೆ ಹೆಚ್ಚಿನ ಸಲ ಕಾರಣ ಬೇರೆಯೇ. ದೇಹದ ರೋಗನಿರೋಧಕ ಶಕ್ತಿಯೇ ಥೈರಾಯ್ಡಿನ ಮೇಲೆ ತಿರುಗಿ ಬಿದ್ದಿರುತ್ತದೆ. ಅದಕ್ಕೆ ಉಪ್ಪು ಮದ್ದಲ್ಲ.

ಈಗ ಮಾತ್ರೆ ವಿಷಯ. ಎಡವಟ್ಟಾಗಿರುವುದು ಚಹಾ ಮತ್ತು ಕಬ್ಬಿಣಾಂಶದಲ್ಲಿ. ಇವೆರಡೂ ಥೈರಾಯ್ಡ್ ಮಾತ್ರೆಯನ್ನು ಕರುಳಿನಲ್ಲೇ ತಡೆಯುತ್ತವೆ. ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ನುಂಗಿ. ಅರ್ಧದಿಂದ ಒಂದು ಗಂಟೆ ಬಿಟ್ಟು ಚಹಾ ಕುಡಿಯಿರಿ. ಕಬ್ಬಿಣಾಂಶ, ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆಯ ಅಂತರ ಇರಲಿ. ಟಿ4 ರಕ್ತದಲ್ಲಿ ಅರ್ಧದಷ್ಟಾಗಲು ಸುಮಾರು ಒಂದು ವಾರ ಬೇಕು, ಹಾಗಾಗಿ ಅದು ಒಂದು ಹದಕ್ಕೆ ಬರಲು ಆರು ವಾರವಾದರೂ ಹಿಡಿಯುತ್ತದೆ. ಮೂರು ವಾರಕ್ಕೆ ತೀರ್ಪು ಕೊಡಬೇಡಿ. ಸರಿಯಾಗಿ ನುಂಗಲು ಶುರು ಮಾಡಿದ ಮೇಲೆ ಆರರಿಂದ ಎಂಟು ವಾರಕ್ಕೆ ಮತ್ತೆ ಪರೀಕ್ಷೆ ಮಾಡಿಸಿ. ಕೂದಲಿಗೆಂದು ಬಯೋಟಿನ್ ಇರುವ ಮಾತ್ರೆ ನುಂಗುತ್ತಿದ್ದರೆ ಎರಡು ದಿನ ಮೊದಲೇ ಬಿಡಿ. ಅದು ರಿಪೋರ್ಟಿನ ಅಂಕಿಯನ್ನೇ ತಪ್ಪಿಸುತ್ತದೆ.

ತೂಕದ ಬಗ್ಗೆ ಜಾಸ್ತಿ ಆಸೆ ಹುಟ್ಟಿಸಲಾರೆ. ಥೈರಾಯ್ಡಿನಿಂದ ಏರುವುದು ಸಾಮಾನ್ಯವಾಗಿ ಕೆಲವೇ ಕಿಲೋ, ಅದರಲ್ಲೂ ಬಹುಪಾಲು ನೀರು ಮತ್ತು ಉಪ್ಪು. ಉಳಿದದ್ದು ಊಟ, ಓಡಾಟದ ಲೆಕ್ಕ. ಮಗುವಿನ ಯೋಚನೆ ಇದ್ದರೆ ಮಾತ್ರ ಈಗಲೇ ಡಾಕ್ಟರಿಗೆ ತಿಳಿಸಿ. ಗರ್ಭದ ಮೊದಲ ತಿಂಗಳುಗಳಲ್ಲಿ ಮಗುವಿನ ಮೆದುಳು ಬೆಳೆಯುವುದು ತಾಯಿಯ ಹಾರ್ಮೋನಿನ ಮೇಲೆ.

ಪ್ರಶ್ನೆ: ತೋರಣಗಲ್ಲಿನ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸ, ವಯಸ್ಸು 41. ನೈಟ್ ಮುಗಿಸಿ ಬೆಳಿಗ್ಗೆ ಏಳೂವರೆಗೆ ರಕ್ತ ಕೊಟ್ಟೆ. ಫಾಸ್ಟಿಂಗ್ ಶುಗರ್ 132 ಬಂತು. ನಾಲ್ಕು ಗಂಟೆಗೆ ಮಂಡಾಳು ಒಗ್ಗರಣಿ, ಮಿರ್ಚಿ ತಿಂದಿದ್ದೆ, ಅಷ್ಟೇ. ನೈಟ್ ಡ್ಯೂಟಿಗೆ ಹಾರ್ಮೋನು ಕೆಡುತ್ತದಾ?

ಉತ್ತರ: ‘ಅಷ್ಟೇ’ ಅನ್ನಬೇಡಿ, ವಿಷಯ ಇರುವುದೇ ಅಲ್ಲಿ. ಫಾಸ್ಟಿಂಗ್ ಅನ್ನಬೇಕಾದರೆ ಕನಿಷ್ಠ ಎಂಟು ಗಂಟೆ ಹೊಟ್ಟೆ ಖಾಲಿ ಇರಬೇಕು. ನಿಮ್ಮದು ಮೂರೂವರೆ ಗಂಟೆ. ಆ 132 ಅನ್ನು ಫಾಸ್ಟಿಂಗ್ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಹಾಗಂತ ಸುಮ್ನೆ ಕೂರುವಂತೆಯೂ ಇಲ್ಲ. ರಜೆಯ ದಿನ, ರಾತ್ರಿ ಮಲಗೆದ್ದು ಮತ್ತೆ ಕೊಡಿ. ಜೊತೆಗೆ ಎಚ್‌ಬಿಎ1ಸಿ ಮಾಡಿಸಿ. ಅದು ಎರಡು-ಮೂರು ತಿಂಗಳ ಸರಾಸರಿ ಹೇಳುತ್ತದೆ. 5.7ರಿಂದ 6.4 ಬಂದರೆ ಅಂಚಿನಲ್ಲಿದ್ದೀರಿ. 6.5 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಮಧುಮೇಹ.

ಇನ್ನು ನೈಟ್ ಡ್ಯೂಟಿ. ಹೌದು, ಪರಿಣಾಮ ಇದೆ. ಕತ್ತಲಾದಾಗ ಮೆಲಟೋನಿನ್ ಅನ್ನುವ ನಿದ್ದೆಯ ಹಾರ್ಮೋನು ಏರುತ್ತದೆ, ಆ ಹೊತ್ತಿಗೆ ಮೇದೋಜೀರಕ ಗ್ರಂಥಿ ಇನ್ಸುಲಿನ್ ಬಿಡುವುದು ನಿಧಾನವಾಗುತ್ತದೆ. ಬೆಳಗಿನ ಜಾವ ಕಾರ್ಟಿಸಾಲ್ ಅನ್ನುವ ಇನ್ನೊಂದು ಹಾರ್ಮೋನು ಏರಿ ಯಕೃತ್ತಿನಿಂದ ಸಕ್ಕರೆ ಹೊರಬರುತ್ತದೆ. ಮಧ್ಯಾಹ್ನ ಅರಗಿಸಿಕೊಂಡ ಅದೇ ಊಟ ರಾತ್ರಿ ಎರಡಕ್ಕೆ ತಿಂದರೆ ಶುಗರ್ ಜಾಸ್ತಿ ಏರುತ್ತದೆ. ವರ್ಷಗಟ್ಟಲೆ ಶಿಫ್ಟ್ ಮಾಡಿದವರಲ್ಲಿ ಮಧುಮೇಹದ ಅಪಾಯವೂ ಹೆಚ್ಚು. ಕೆಲಸ ಬಿಡಿ ಅನ್ನಲಾಗದು. ಹೊಟ್ಟೆ ತುಂಬಾ ಊಟ ಡ್ಯೂಟಿಗೆ ಹೊರಡುವ ಮೊದಲು ಆಗಲಿ. ನಡುರಾತ್ರಿ ಮಜ್ಜಿಗೆ, ಸ್ವಲ್ಪ ಬೇಯಿಸಿದ ಶೇಂಗಾ ಸಾಕು. ಹಗಲು ಮಲಗುವ ಕೋಣೆಗೆ ದಪ್ಪ ಪರದೆ ಹಾಕಿ, ಫೋನು ಹೊರಗಿಡಿ.

ಪ್ರಶ್ನೆ: ರಾಯಚೂರಿನ ಬಿಸಿಲಿನಲ್ಲಿ ಮೂತ್ರ ಕಡಿಮೆ, ಹಳದಿಯಾಗಿ ಹೋಗುತ್ತದೆ. ಕಿಡ್ನಿ ಕೆಟ್ಟಿತಾ?

ಉತ್ತರ: ಹೆಚ್ಚಾಗಿ ಇಲ್ಲ. ಬೆವರು ಹರಿದು ರಕ್ತದಲ್ಲಿ ಉಪ್ಪಿನ ಸಾಂದ್ರತೆ ಏರಿದಾಗ ಮೆದುಳು ಅದನ್ನು ಗುರುತಿಸುತ್ತದೆ. ಪಿಟ್ಯುಟರಿ ವ್ಯಾಸೊಪ್ರೆಸಿನ್ ಹಾರ್ಮೋನನ್ನು ಬಿಡುತ್ತದೆ. ಅದು ಕಿಡ್ನಿಗೆ ಬಂದು ನೀರನ್ನು ಹಿಡಿದಿಟ್ಟುಕೊಳ್ಳುವಂತೆ ಮಾಡುತ್ತದೆ. ಬಾಯಾರಿಕೆಗೆ ಕಾಯದೆ ನೀರು, ಮಜ್ಜಿಗೆ ಕುಡಿಯುತ್ತಿರಿ. ಬಿಪಿಗೆ ನೀರಿಳಿಸುವ ಮಾತ್ರೆ ನುಂಗುತ್ತಿದ್ದರೆ ಬೇಸಿಗೆಯಲ್ಲಿ ಪ್ರಮಾಣ ಎಷ್ಟಿರಬೇಕೆಂದು ಡಾಕ್ಟರನ್ನು ಕೇಳಿ, ನೀವಾಗಿಯೇ ಬಿಡಬೇಡಿ. ಎಂಟು ಗಂಟೆಯಾದರೂ ಮೂತ್ರ ಬರದಿದ್ದರೆ, ತಲೆ ಸುತ್ತಿದರೆ ಅಥವಾ ಮಾತು ತಡವರಿಸಿದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.